ಮಳೆ ನಿಂತ ಮೇಲಿನ ತಾಸು

ಬಾದಾಮಿ ಗುಡ್ಡದಲ್ಲಿ ನಡೆಯಲು ಯಾವ ತಿಂಗಳು ಒಳ್ಳೆಯದು ಎಂದು ಯಾರು ಕೇಳಿದರೂ ನಾನು ಡಿಸೆಂಬರ್ ಎಂದೇ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಆ ಕೆಂಪು ಕಲ್ಲು ರೊಟ್ಟಿ ಹೆಂಚಿನ ಹಾಗೆ ಕಾಯುತ್ತದೆ. ಮಳೆಗಾಲದಲ್ಲಿ ಕಾಲಿಡಲು ಆಗುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಕಲ್ಲು ಒಣಗಿ, ಕಾಲಿಗೆ ಅಂಟಿಕೊಂಡ ಹಾಗೆ ಹಿಡಿತ ಕೊಡುತ್ತದೆ. ಕೆಳಗೆ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿಯುತ್ತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಮೇಲಿನಿಂದ ನೋಡಿದರೆ ಇಡೀ ನಾಡು ಹಸಿರು ಕೌದಿ ಹಾಸಿದಂತೆ ಕಾಣುತ್ತದೆ.

ಆದರೆ ಈ ಡಿಸೆಂಬರ್‌ಗೆ ಒಂದು ಸ್ವಭಾವ ಇದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಮೋಡ ನಮ್ಮ ಬಾಗಲಕೋಟೆಯವರೆಗೂ ಬರುತ್ತದೆ. ನಿನ್ನೆ ಬಿಸಿಲು, ಇವತ್ತು ಮೋಡ, ನಾಳೆ ಹನಿ. ಕಡಲೆ ಬೆಳೆದ ರೈತರಿಗೆ ಇದರ ಸಂಕಟ ಚೆನ್ನಾಗಿ ಗೊತ್ತು. ಗುಡ್ಡದ ಮೇಲೆ ನಡೆಯುವ ನಮಗೂ ಗೊತ್ತಿರಬೇಕಿತ್ತು. ಹಿಂದಿನ ಡಿಸೆಂಬರಿನಲ್ಲಿ ನಮಗೆ ಆದದ್ದನ್ನು, ಮತ್ತು ಆಮೇಲೆ ನಾನು ಬದಲಿಸಿಕೊಂಡ ರೂಢಿಗಳನ್ನು ಇಲ್ಲಿ ಬರೆಯುತ್ತೇನೆ.

ನಾನು ಬಾಗಲಕೋಟೆಯವನು. ಒಂಬತ್ತು ವರ್ಷಗಳಿಂದ ಪ್ರತಿ ಚಳಿಗಾಲ ಗೆಳೆಯರ ಜೊತೆ ಬಾದಾಮಿಯಿಂದ ಹಳೆಯ ಗುಡಿಗಳಿರುವ ಮಹಾಕೂಟಕ್ಕೆ ಗುಡ್ಡದ ಮೇಲಿಂದ ನಡೆಯುತ್ತೇನೆ. ರಸ್ತೆ ಹಿಡಿದು ಸುತ್ತಿಕೊಂಡು ಹೋದರೆ ಸುಮಾರು 14 ಕಿ.ಮೀ. ಆಗುತ್ತದೆ. ಗುಡ್ಡದ ಹಳೆಯ ಕಾಲುದಾರಿಯಲ್ಲಿ ಅದರ ಅರ್ಧವೂ ಇಲ್ಲ. ಆ ಸಲ ನಾವು ಐದು ಜನ. ನಾನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು, ಅವರ ಹೆಂಡತಿ ವೈನಿ, ಬ್ಯಾಂಕಿನಲ್ಲಿರುವ ನನ್ನ ಹಳೆಯ ದೋಸ್ತ, ಮತ್ತೆ ನನ್ನ ಅಕ್ಕನ ಮಗ. ಈ ಹುಡುಗ ವಿಜಯಪುರದಲ್ಲಿ ಓದುತ್ತಾನೆ. ಅಲ್ಲಿ ಗೋಳಗುಮ್ಮಟದ ಮ್ಯೂಸಿಯಂನಲ್ಲಿ ಚಾಲುಕ್ಯ ರಾಜ ಮಂಗಲೇಶನ ಶಾಸನದ ಕಂಬ ಇದೆ. ಮಹಾಕೂಟದಿಂದ ಅಲ್ಲಿಗೆ ಹೋದ ಕಂಬ ಅದು. ಅದನ್ನು ನೋಡಿದಾಗಿನಿಂದ ಅವನಿಗೆ ಒಂದೇ ಹಟ. ಮಹಾಕೂಟ ನೋಡಬೇಕು, ಅದೂ ಗುಡ್ಡದ ದಾರಿಯಲ್ಲಿ ನಡೆದೇ ಹೋಗಿ ನೋಡಬೇಕು. ಆ ಹಟವೇ ಮುಂದೆ ನಮ್ಮ ಎಲ್ಲರ ಅವಸರವಾಯಿತು.

ನಸುಕಿನ ಬಸ್ಸಿಗೆ ಹೊರಟೆವು. ಪ್ರತಿ ವರ್ಷ ಆ ಹೊತ್ತಿಗೆ ಸ್ವೆಟರ್ ಒಳಗೂ ಮೈ ನಡುಗುತ್ತದೆ. ಆ ದಿನ ಚಳಿ ಅಷ್ಟು ಇರಲಿಲ್ಲ. ಬಾದಾಮಿಗೆ ಬಂದು ಅಗಸ್ತ್ಯ ತೀರ್ಥದ ದಂಡೆಗೆ ಇಳಿದೆವು. ಚಳಿಗಾಲದ ಬೆಳಗಿನಲ್ಲಿ ಆ ಕೆರೆಯ ಮೇಲೆ ಹೊಗೆ ಎದ್ದ ಹಾಗೆ ಮಂಜು ಆಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವತ್ತು ಮಂಜಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿಯೂ ಇರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಮೂಡಣದಿಂದ ಗಾಳಿ ಬೀಸುತ್ತಿತ್ತು. ಇವೆಲ್ಲ ಒಂದೇ ಮಾತು ಹೇಳುತ್ತಿದ್ದವು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲದ ಬಿಸಿ ಮೇಲೆ ಹೋಗಿ ಚಳಿ ಬೀಳುತ್ತದೆ. ಮೋಡ ಕವಿದಿದ್ದರೆ ಆ ಬಿಸಿ ಕಂಬಳಿ ಹೊದೆಸಿದ ಹಾಗೆ ಕೆಳಗೇ ಉಳಿಯುತ್ತದೆ. ಚಳಿ ಕಡಿಮೆ ಆಗಿದೆ ಅಂದರೆ ಮೇಲೆ ತೇವ ಬಂದು ಕೂತಿದೆ ಎಂದು ಅರ್ಥ. ನಾನು ಇದನ್ನು ಬಲ್ಲೆ. ಆದರೂ ಅವತ್ತು, ವೈನಿಗೆ ಚಳಿ ಕಾಟ ತಪ್ಪಿತಲ್ಲ ಎಂದು ಖುಷಿಪಟ್ಟೆ. ಫೋನಿನ ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ಇತ್ತು. ಅದನ್ನೇ ನಂಬಿದೆ.

ಬುತ್ತಿಯ ಬಗ್ಗೆ ಒಂದು ಮಾತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಗಟ್ಟಿ ಮೊಸರು. ಜೊತೆಗೆ ಅಮೀನಗಡದ ಕರದಂಟು, ತಲೆಗೆ ಮೂರು ತುಂಡು. ಗುಡ್ಡ ಹತ್ತುವವರಿಗೆ ಅಂಗಡಿಯ ಯಾವ ಚಾಕೊಲೇಟೂ ಕರದಂಟಿನ ಹತ್ತಿರ ಬರುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಬೆಲ್ಲ, ಅಂಟು, ಒಣಹಣ್ಣು ಎಲ್ಲ ಒಂದೇ ತುತ್ತಿನಲ್ಲಿ. ಆದರೆ ಬುತ್ತಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಬೆನ್ನಿನ ಬ್ಯಾಗಿನ ಒಳಗೆ ಇಡಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಾದಾಮಿಯ ಮಂಗಗಳು ಬಿಡುವುದಿಲ್ಲ. ನೀರು ತಲೆಗೆ ಎರಡೂವರೆ ಲೀಟರ್. ಚಳಿಗಾಲ ಅಂತ ಕಡಿಮೆ ಮಾಡಬಾರದು, ಮೇಲೆ ಎಲ್ಲೂ ನೀರು ಸಿಗುವುದಿಲ್ಲ.

ಕೆರೆಯ ಆಚೆಯಿಂದ ಗುಡ್ಡ ಹತ್ತಿದೆವು. ಮೊದಲ ಗುರಿ ಸಿಡ್ಲಫಡಿ, ಆಮೇಲೆ ಮಹಾಕೂಟ. ಏರು ಚೂಪಾಗಿದೆ, ಆದರೆ ಬೇಗ ಮುಗಿಯುತ್ತದೆ. ಮೇಲೆ ಹೋದರೆ ಬೇರೆಯೇ ಲೋಕ. ಕುರುಚಲು ಗಿಡ, ಚಪ್ಪಟೆ ಬಂಡೆ, ಒಂದರ ಮೇಲೊಂದು ಪದರ ಪದರವಾಗಿ ಕೂತ ಕಲ್ಲು. ಕೆಲವು ಕಡೆ ಕಲ್ಲಿನ ಮೇಲೆ ನೀರಿನ ಅಲೆಯ ಗುರುತು ಹಾಗೇ ಉಳಿದಿದೆ. ಮಾಸ್ತರು ಅದರ ಮೇಲೆ ಕೈಯಾಡಿಸಿ, ಇದೆಲ್ಲ ಒಂದು ಕಾಲಕ್ಕೆ ನೀರಿನ ಕೆಳಗಿದ್ದ ಉಸುಕು ಎಂದು ಹುಡುಗನಿಗೆ ತೋರಿಸಿದರು. ಮೊದಲನೆಯ ಪುಲಕೇಶಿ ಇಲ್ಲಿ ಕೋಟೆ ಮಾಡಿದ ಸಂಗತಿ ಇಲ್ಲಿಯ ಬಂಡೆಯ ಮೇಲೇ ಇದೆ, ಶಕ 465, ಅಂದರೆ ಕ್ರಿ.ಶ. 543. ಶತ್ರು ಹತ್ತಲಾರದ ಕಲ್ಲು ಅಂತಲೇ ಅವನು ಇದನ್ನು ಆರಿಸಿಕೊಂಡಿರಬೇಕು, ಅಲ್ವಾ ಎಂದರು. ಆ ಮಾತು ನನಗೆ ಮಧ್ಯಾಹ್ನ ಮತ್ತೆ ನೆನಪಾಯಿತು.

ಹತ್ತು ಗಂಟೆಗೆ ಬಿಸಿಲು ಚುರುಕಾಗಿತ್ತು. ಎಲ್ಲರೂ ಸ್ವೆಟರ್ ಬಿಚ್ಚಿದೆವು. ಅರ್ಧ ತಾಸು ಕಳೆಯುವುದರೊಳಗೆ ಬಿಸಿಲು ಪೇಲವವಾಯಿತು. ಮೇಲೆ ನೋಡಿದರೆ ಸೂರ್ಯನ ಸುತ್ತ ದುಂಡನೆಯ ಬಳೆ. ತುಂಬಾ ಎತ್ತರದ ತೆಳು ಮೋಡದಲ್ಲಿ ಮಂಜುಗಡ್ಡೆಯ ಹರಳು ಇರುತ್ತದೆ, ಬೆಳಕು ಅದರಲ್ಲಿ ಬಾಗಿ ಹೀಗೆ ಬಳೆ ಕಾಣುತ್ತದೆ ಎಂದರು ಮಾಸ್ತರು. ಹುಡುಗ ಫೋಟೊ ತೆಗೆದ. ಅದರ ಹಿಂದೆ ಮಳೆಮೋಡ ಬರಬಹುದು ಎಂಬ ಮಾತನ್ನು ನಮಗೆ ಹೇಳಿದವನು ಒಬ್ಬ ಕುರಿಗಾಹಿ. ಬಂಡೆಯ ಮೇಲೆ ಕೂತಿದ್ದ, ಹೆಗಲ ಮೇಲೆ ಕರಿ ಕಂಬಳಿ.

"ಅಲ್ರೀ, ಈ ಮೋಡದಾಗ ಎಲ್ಲಿಗ ಹೊಂಟೀರಿ?"

"ಮಹಾಕೂಟಕ್ಕ ಕಾಕಾ."

"ಊಟದ ಹೊತ್ತಿಗೆ ಹನೀತೈತಿ ನೋಡ್ರಿ. ಮುಂಜಾನಿಂದ ಕುರಿ ಒತ್ತಟ್ಟಿಗೇ ಗುಂಪಾಗಾಕತ್ತಾವ. ಹನಿ ಬಂದ್ರ ಕಲ್ಲಿನ ಮ್ಯಾಲ ಓಡಬ್ಯಾಡ್ರಿ. ಎಲ್ಲಿ ಇದ್ದೀರಿ ಅಲ್ಲೇ ಕುಂತ್ಬಿಡ್ರಿ."

ನಾವು ಹೂಂ ಎಂದು ಮುಂದೆ ನಡೆದೆವು. ಅಲ್ಲೇ ಐದು ನಿಮಿಷ ನಿಂತು ಎಲ್ಲರೂ ಮಾತಾಡಬೇಕಿತ್ತು. ಎಷ್ಟು ಹೊತ್ತಿಗೆ ತಿರುಗಿ ಬರಬೇಕು, ಮಳೆ ಬಂದರೆ ಯಾವ ದಾರಿ ಎಂದು. ಮಾತಾಡಲಿಲ್ಲ.

ಸಿಡ್ಲಫಡಿ ತಲುಪಿದಾಗ ಹನ್ನೊಂದೂಮುಕ್ಕಾಲು. ನೋಡದವರಿಗೆ ಆ ಜಾಗವನ್ನು ಹೇಗೆ ಹೇಳಲಿ. ಎರಡು ದೊಡ್ಡ ಬಂಡೆಗಳ ನಡುವೆ ಕಲ್ಲಿನ ಕಮಾನು ತಾನಾಗಿಯೇ ನಿಂತಿದೆ. ಕಮಾನಿನ ನಡುವೆ ತೂತುಗಳು. ಅವುಗಳಿಂದ ಬೆಳಕು ಕೋಲಿನಂತೆ ಕೆಳಗೆ ಬೀಳುತ್ತದೆ. ಸಿಡಿಲು ಬಡಿದು ಆದ ತೂತು ಎಂದು ಜನ ಹೇಳುತ್ತಾರೆ, ಅದಕ್ಕೇ ಆ ಹೆಸರು. ಅಲ್ಲಿಯ ಬಂಡೆಯ ಮೇಲೆ ಇತಿಹಾಸಕ್ಕೂ ಮೊದಲಿನ ಜನ ಬರೆದ ಕೆಂಪು ಚಿತ್ರಗಳಿವೆ. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ ಕೆಲವರು ಇಂಥ ಚಿತ್ರದ ಮೇಲೆ ನೀರು ಚಿಮುಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಿಂದ ಮುಟ್ಟಲೂ ಬೇಡಿ. ಸಾವಿರಾರು ವರ್ಷ ಮಳೆ ಗಾಳಿಗೆ ಉಳಿದದ್ದು ನಮ್ಮ ಕೈಯಲ್ಲಿ ಹೋಗಬಾರದು.

ಬುತ್ತಿ ಬಿಚ್ಚುವ ಹೊತ್ತಿಗೆ ಮೂಡಣದ ಕಡೆ ಬೂದಿ ಬಣ್ಣದ ಮೋಡ ಕೆಳಗಿಳಿದಿತ್ತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಮೊದಲ ಹನಿ ಬಿದ್ದಾಗ ಕಾದ ಕಲ್ಲಿನಿಂದ ಹಸಿಮಣ್ಣಿನ ವಾಸನೆ ಎದ್ದಿತು. ಆಮೇಲೆ ಸಣ್ಣಗೆ ಹಿಡಿದ ಮಳೆ ಜೋರಾಯಿತು. ಕಮಾನಿನ ತೂತುಗಳಿಂದ ನೀರು ಜರಡಿಯಿಂದ ಸುರಿದ ಹಾಗೆ ಸುರಿಯತೊಡಗಿತು. ನಾವು ಗಟ್ಟಿ ಬಂಡೆಯ ಅಡಿಗೆ ಸರಿದು ಕೂತೆವು. ಗುಡುಗು ಸಿಡಿಲು ಇರಲಿಲ್ಲ. ಇದ್ದಿದ್ದರೆ ಅಲ್ಲಿ ಕೂರುತ್ತಿರಲಿಲ್ಲ. ಮೇ ತಿಂಗಳ ಅಡ್ಡಮಳೆಯಲ್ಲಿ ಇಂಥ ತೆರೆದ ಪಡಿಯ, ಅಂದರೆ ಮುಂದೆ ಚಾಚಿದ ಬಂಡೆಯ, ಕೆಳಗೆ ಗೋಡೆಗೆ ಒರಗಿ ಕೂರುವುದು ಅಪಾಯ. ಸಿಡಿಲು ಬಂಡೆಗೆ ಬಡಿದರೆ ಅದರ ಕರೆಂಟ್ ಕಲ್ಲಿನ ಮೈಮೇಲೆ ಹರಿದು ಪಡಿಯ ಬಾಯಲ್ಲಿರುವವರನ್ನು ಹಿಡಿಯುತ್ತದೆ. ಗುಡುಗು ಕೇಳಿದ ಕೂಡಲೇ ಎತ್ತರ ಬಿಟ್ಟು ಇಳಿಯಬೇಕು.

ಒಂದು ತಾಸು ಮಳೆ. ಎಲ್ಲರಿಗಿಂತ ಮೊದಲು ನಡುಕ ಹಿಡಿದದ್ದು ನನ್ನ ಬ್ಯಾಂಕಿನ ದೋಸ್ತನಿಗೆ. ದಪ್ಪ ಹತ್ತಿ ಅಂಗಿ, ಜೀನ್ಸ್ ಪ್ಯಾಂಟು, ಹತ್ತುವಾಗ ಬೆವರಿ ಒದ್ದೆ, ಈಗ ಮಳೆಗೆ ಇನ್ನೂ ಒದ್ದೆ. ನಮ್ಮ ಕಡೆಯ ಚಳಿ ಏನು ಮಹಾ ಎಂದು ನಾವು ತಿಳಿದಿರುತ್ತೇವೆ. ಒದ್ದೆ ಹತ್ತಿ ಬಟ್ಟೆ ಮೈಗೆ ಅಂಟಿ, ಮೇಲೆ ಗಾಳಿ ಬೀಸಿದರೆ ಬಾದಾಮಿಯ ಚಳಿಯೂ ಮನುಷ್ಯನನ್ನು ಸುಮ್ನೆ ಬಿಡುವುದಿಲ್ಲ. ಅವನ ತುಟಿ ಬಿಳಿಚಿಕೊಂಡಿತ್ತು, ಮಾತು ತಡವರಿಸುತ್ತಿತ್ತು. ಅಂಗಿ ಬಿಚ್ಚಿಸಿ, ಒಣ ಟವೆಲ್‌ನಿಂದ ಒರೆಸಿ, ವೈನಿಯ ಬ್ಯಾಗಿನಲ್ಲಿದ್ದ ಒಣ ಸ್ವೆಟರ್ ಹಾಕಿಸಿದೆವು. ಬಾಯಿಗೆ ಕರದಂಟು ಕೊಟ್ಟೆವು. ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಕುಡಿಸಿ, ನಮ್ಮ ನಡುವೆ ಕೂರಿಸಿಕೊಂಡೆವು. ಇಪ್ಪತ್ತು ನಿಮಿಷಕ್ಕೆ ಸರಿಹೋದ. ಎದುರಿನ ದಿಬ್ಬದ ಮೇಲೆ ಆ ಕುರಿಗಾಹಿ ಕಂಬಳಿಯನ್ನು ತಲೆಯಿಂದ ಕೊಪ್ಪೆ ಹಾಕಿಕೊಂಡು ಅಲುಗದೆ ಕೂತಿದ್ದ. ಒದ್ದೆಯಾದರೂ ಉಣ್ಣೆ ಬೆಚ್ಚಗಿಡುತ್ತದೆ. ಅವನಿಗೆ ಅದು ಹುಟ್ಟಿನಿಂದ ಗೊತ್ತು.

ಒಂದೂಕಾಲಿಗೆ ಮಳೆ ನಿಂತಿತು. ಮೋಡ ಹರಿದು ಬಿಸಿಲು ಬಿತ್ತು. ಇಡೀ ಗುಡ್ಡ ತೊಳೆದಿಟ್ಟ ತಾಮ್ರದ ಕೊಡದ ಹಾಗೆ ಹೊಳೆಯಿತು. ನಾನು ಮುಖ್ಯವಾಗಿ ಹೇಳಬೇಕಾದದ್ದು ಈ ತಾಸಿನ ಬಗ್ಗೆ. ಮಳೆ ಸುರಿಯುವಾಗ ಯಾರೂ ಜಾರಿ ಬೀಳುವುದಿಲ್ಲ, ಏಕೆಂದರೆ ಯಾರೂ ನಡೆಯುವುದಿಲ್ಲ. ಬೀಳುವುದು ಮಳೆ ನಿಂತ ಮೇಲೆ. ಬಿಸಿಲು ಕಂಡು ಮನಸ್ಸು ಹಗುರಾಗಿರುತ್ತದೆ, ಹೊತ್ತು ಕಳೆದಿದೆ ಎಂದು ಕಾಲು ಅವಸರ ಮಾಡುತ್ತದೆ, ಆದರೆ ಕಲ್ಲು ಇನ್ನೂ ಒದ್ದೆಯಾಗಿಯೇ ಇರುತ್ತದೆ.

ಬಾದಾಮಿಯ ಕಲ್ಲು ಗ್ರಾನೈಟ್ ಅಲ್ಲ, ಉಸುಕುಗಲ್ಲು. ಉಸುಕಿನ ಕಾಳುಗಳು ಒಂದಕ್ಕೊಂದು ಅಂಟಿ ಆದ ಕಲ್ಲು ಇದು. ನೀರು ಕುಡಿದರೆ ಆ ಅಂಟು ಸಡಿಲವಾಗುತ್ತದೆ. ಮೇಲ್ಮೈ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಒಣಗಿದಾಗ ಭಾರ ತಡೆಯುವ ತೆಳು ಅಂಚು, ನೆನೆದಾಗ ಹಪ್ಪಳದ ಹಾಗೆ ಮುರಿಯುತ್ತದೆ. ಹಗ್ಗ ಕಟ್ಟಿ ಬಂಡೆ ಏರಲು ಬಾದಾಮಿಗೆ ದೂರದೂರದಿಂದ ಹುಡುಗರು ಬರುತ್ತಾರಲ್ಲ, ಅವರಲ್ಲಿ ತಿಳಿದವರು ಮಳೆಯಾದ ಮೇಲೆ ಒಂದೆರಡು ದಿನ ಕಲ್ಲು ಮುಟ್ಟುವುದಿಲ್ಲ. ಇನ್ನೊಂದು, ಬಂಡೆಯ ಮೇಲಿನ ಕಪ್ಪು ಪಟ್ಟೆಗಳು. ಮಳೆನೀರು ಹರಿಯುವ ದಾರಿಯಲ್ಲಿ ಬೆಳೆದ ಪಾಚಿ ಒಣಗಿ ಹಾಗೆ ಕಾಣುತ್ತದೆ. ಒಣಗಿದಾಗ ಅದರ ಮೇಲೆ ಓಡಬಹುದು. ಒದ್ದೆಯಾದಾಗ ಅದು ಸಾಬೂನು. ಒದ್ದೆ ಬಂಡೆಯಲ್ಲಿ ಕೆಂಪು ಭಾಗದ ಮೇಲೆ ಹೆಜ್ಜೆ ಇಡಬೇಕು, ಕಪ್ಪನ್ನು ದಾಟಬೇಕು, ಸುತ್ತಿಕೊಂಡು ಹೋಗಬೇಕಾದರೂ ಸರಿ.

"ಮಾಮಾ, ಮಳಿ ನಿಂತೈತಲ್ಲ, ಇನ್ನೇನ್ ಕಾಯೋದು? ಒಂದೂವರಿ ತಾಸಿನ್ಯಾಗ ಮಹಾಕೂಟ ಮುಟ್ತೀವಿ" ಎಂದ ಹುಡುಗ.

ನನಗೂ ಹೋಗುವ ಆಸೆಯೇ ಇತ್ತು. ಆಗ ವೈನಿ ಬಾಯಿಬಿಟ್ಟು ಹೇಳಿದರು, "ನನ್ನ ಬೂಟು ಜಾರಾಕತ್ತಾವ್ರೀ ಅಣ್ಣಾರ. ನಾ ಮುಂದ ಬರಂಗಿಲ್ಲ."

ಅವರು ಹೇಳದಿದ್ದರೆ ನಾವು ಹೋಗಿಯೇ ಬಿಡುತ್ತಿದ್ದೆವು. ಗುಂಪಿನಲ್ಲಿ ಎಲ್ಲರಿಗೂ ಒಳಗೊಳಗೆ ಅನುಮಾನ ಇರುತ್ತದೆ, ಯಾರೂ ಹೇಳುವುದಿಲ್ಲ. ಹೇಳಿದವರಿಗೆ ನಾನು ಇವತ್ತಿಗೂ ಋಣಿ. ಈಗ ನಾನು ಹೊರಡುವ ಮೊದಲೇ ಒಂದು ಮಾತು ಇಟ್ಟುಕೊಂಡಿದ್ದೇನೆ. ಯಾರೊಬ್ಬರು ಸಾಕು ಅಂದರೂ ಸಾಕು. ಕಾರಣ ಕೇಳುವುದಿಲ್ಲ, ಒಪ್ಪಿಸಲು ನೋಡುವುದಿಲ್ಲ.

ತಿರುಗಿ ಬಾದಾಮಿಗೇ ಇಳಿಯುವುದೆಂದು ತೀರ್ಮಾನ ಆಯಿತು. ಅದಕ್ಕೂ ಮೊದಲು ಕಲ್ಲು ಒಣಗಲಿ ಎಂದು ಒಂದು ತಾಸು ಕೂರಬೇಕಿತ್ತು. ನಾನು ಕಾಯಿಸಲಿಲ್ಲ. ಹತ್ತೇ ನಿಮಿಷಕ್ಕೆ ಹೊರಟೆವು. ಹುಡುಗ ಬೇಸರದಲ್ಲಿ ಮುಂದೆ ಮುಂದೆ ನಡೆದ. ಒಂದು ಕಡೆ ದಾರಿ ಆಳುದ್ದದ ಬಂಡೆಯಿಂದ ಕೆಳಗಿಳಿಯುತ್ತದೆ. ಬೆಳಿಗ್ಗೆ ಅದನ್ನು ಕೈ ಊರದೆ ಹತ್ತಿದ್ದ. ಈಗ ಮುಖ ಹೊರಗೆ ಮಾಡಿಕೊಂಡು ಇಳಿಯಲು ಹೋದ. ಹಿಡಿದ ಅಂಚು ಚಟ್ಟನೆ ಮುರಿಯಿತು. ಕಾಲಡಿ ಕಪ್ಪು ಪಟ್ಟೆ. ನಾನು ನೋಡುನೋಡುತ್ತಿದ್ದಂತೆ ಜಾರಿ ಕೆಳಗಿನ ಮೆಟ್ಟಿಲಿನಂಥ ಕಲ್ಲಿನ ಮೇಲೆ ಬಿದ್ದ. ಅದರಾಚೆ ಇನ್ನೂ ಮೂರು ಆಳು ಇಳಿಜಾರು ಇತ್ತು. ಅಲ್ಲೇ ನಿಂತ. ಆ ಕ್ಷಣ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಅಕ್ಕನಿಗೆ ನಾನು ಏನು ಹೇಳುತ್ತಿದ್ದೆ?

ಅವನ ಹತ್ತಿರ ಓಡಬೇಡಿ ಎಂದು ಎಲ್ಲರನ್ನೂ ತಡೆದೆ. ಇನ್ನೊಬ್ಬರು ಬಿದ್ದರೆ ಕಷ್ಟ ಎರಡಾಗುತ್ತದೆ. ಕೂತುಕೊಂಡೇ ಇಳಿದು ಹೋದೆ. ತಲೆ, ಕುತ್ತಿಗೆ, ಬೆನ್ನು ಮೊದಲು ಕೇಳಿ ನೋಡಿದೆ. ಅಂಗೈ ತರಚಿತ್ತು, ಎಡಗಾಲಿನ ಹರಡು ಹೊರಳಿತ್ತು. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿತದ್ದನ್ನು ಮಾಡಿದೆ. ಹರಡಿನ ಎರಡೂ ಬದಿಯ ಮೂಳೆಯ ಹಿಂಭಾಗವನ್ನು ಬೆರಳಿನಿಂದ ಒತ್ತಿದೆ. ಪಾದದ ಹೊರಬದಿಯ ನಡುವೆ, ಒಳಬದಿಯ ಮೇಲೂ ಒತ್ತಿ ನೋಡಿದೆ. ಮೂಳೆಯ ಮೇಲೆಯೇ ಚುಚ್ಚಿದಂಥ ನೋವು ಇದ್ದರೆ ಮುರಿದಿರಬಹುದು. ಇರಲಿಲ್ಲ. ಕೈ ಹಿಡಿದು ನಾಲ್ಕು ಹೆಜ್ಜೆ ಹಾಕಿಸಿದೆ. ಕುಂಟುತ್ತಲಾದರೂ ಹಾಕಿದ. ಆ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಅವನನ್ನು ನಡೆಸುತ್ತಿರಲಿಲ್ಲ, ಸಿಗ್ನಲ್ ಸಿಗುವ ಎತ್ತರಕ್ಕೆ ಒಬ್ಬರನ್ನು ಕಳಿಸಿ 112ಕ್ಕೆ ಫೋನ್ ಮಾಡಿಸುತ್ತಿದ್ದೆ. ಬೂಟು ಬಿಚ್ಚಿಸಲಿಲ್ಲ. ಬಿಚ್ಚಿದರೆ ಬಾವು ಬಂದು ಮತ್ತೆ ಹಾಕಲು ಬರುವುದಿಲ್ಲ. ಬೂಟಿನ ಮೇಲೆಯೇ ಮಾಸ್ತರ ಹೆಗಲ ಮೇಲಿನ ವಲ್ಲಿಯನ್ನು ಸೀಳಿ, ಅಡಿಯಿಂದ ಹರಡಿಗೆ, ಹರಡಿನಿಂದ ಅಡಿಗೆ ಅಡ್ಡಡ್ಡ ಸುತ್ತಿ ಬಿಗಿದೆವು. ಬೆರಳು ಆಡುತ್ತವೆಯೇ, ಜೋಮು ಹಿಡಿದಿದೆಯೇ ಎಂದು ಆಗಾಗ ಕೇಳುತ್ತಿದ್ದೆ.

ಆಮೇಲೆ ಅವಸರವನ್ನು ಪೂರ್ತಿ ಬಿಟ್ಟೆವು. ಅಲ್ಲೇ ಕೂತು ಉಳಿದ ರೊಟ್ಟಿ ತಿಂದೆವು. ಕಲ್ಲು ಒಣಗುವುದನ್ನು ಕಣ್ಣಿಂದ ನೋಡಿದೆವು. ಮೊದಲು ಗಾಳಿ ಬಡಿಯುವ ಬೋಳು ಬಂಡೆ, ಆಮೇಲೆ ಇಳಿಜಾರು, ಕೊನೆಗೆ ನೆರಳಿನ ಸಂದು. ಎರಡೂಮುಕ್ಕಾಲಿಗೆ ಎದ್ದೆವು. ಡಿಸೆಂಬರಿನಲ್ಲಿ ಆರರ ಹೊತ್ತಿಗೆ ಹೊತ್ತು ಮುಳುಗುತ್ತದೆ, ಅಷ್ಟರೊಳಗೆ ಕೆರೆಗೆ ಇಳಿಯಬೇಕು. ಹುಡುಗನ ಬ್ಯಾಗನ್ನು ಮೂವರು ಹಂಚಿಕೊಂಡೆವು. ಚೂಪಾದ ಕಡೆ ಎಲ್ಲರೂ ಮುಖ ಬಂಡೆಯ ಕಡೆ ಮಾಡಿ, ಏಣಿ ಇಳಿದ ಹಾಗೆ ಇಳಿದೆವು. ಕೈಯಿಂದ ಹಿಡಿಯುವ ಮೊದಲು ಕಲ್ಲನ್ನು ಗೆಣ್ಣಿನಿಂದ ಬಡಿದು ನೋಡಿದೆವು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಸಡಿಲ ಕಲ್ಲು ಪೊಳ್ಳು ಸದ್ದು ಮಾಡುತ್ತದೆ. ಎಲ್ಲೂ ಕೂಗಾಡಲಿಲ್ಲ. ಆ ಕಡಿದಾದ ಬಂಡೆಗಳ ಮುಖದಲ್ಲಿ ಹೆಜ್ಜೇನು ಕಟ್ಟಿರುತ್ತದೆ.

ವೈನಿಯ ಬೂಟಿನ ಬಗ್ಗೆ ಹೇಳಲೇಬೇಕು. ಹೊಸದು, ದುಬಾರಿ, ಆದರೆ ತಳ ಗಟ್ಟಿ ಪ್ಲಾಸ್ಟಿಕ್‌ನಂತಿತ್ತು. ಇಂಥ ಕಲ್ಲಿಗೆ ಮೆತ್ತನೆಯ ರಬ್ಬರ್ ತಳವೇ ಬೇಕು. ಅಂಗಡಿಯಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಅದು ಕಲ್ಲನ್ನು ಹಿಡಿಯುತ್ತದೆ. ಕುರಿಗಾಹಿಯ ಟೈರ್ ಚಪ್ಪಲಿ ನಮ್ಮೆಲ್ಲರ ಬೂಟುಗಳಿಗಿಂತ ಚೆನ್ನಾಗಿ ನಿಲ್ಲುತ್ತಿತ್ತು.

ಬೆಳಿಗ್ಗೆ ಒಂದು ತಾಸಿನಲ್ಲಿ ಹತ್ತಿದ ದಾರಿಯನ್ನು ಇಳಿಯಲು ಎರಡೂವರೆ ತಾಸು ಹಿಡಿಯಿತು. ಕೆರೆಗೆ ಬಂದಾಗ ಭೂತನಾಥ ಗುಡಿಯ ಮೇಲೆ ಕೊನೆಯ ಬಿಸಿಲಿತ್ತು. ಮಳೆಗಾಲದಲ್ಲಿ ಮಾತ್ರ ಧುಮುಕುವ ಅಕ್ಕ-ತಂಗಿ ಜಲಪಾತ ಎರಡು ಬಿಳಿ ದಾರದ ಹಾಗೆ ಇಳಿಯುತ್ತಿತ್ತು. ಡಿಸೆಂಬರಿನಲ್ಲಿ ನಾನು ಅದನ್ನು ಕಂಡದ್ದು ಅದೇ ಮೊದಲು. ಒಂದೇ ತಾಸಿನ ಮಳೆ. ಬೋಳು ಬಂಡೆ ಹೀರುವ ನೀರು ಸ್ವಲ್ಪವೇ, ಬಿದ್ದದ್ದರಲ್ಲಿ ಬಹುಪಾಲು ಹಳ್ಳಕ್ಕೇ ಬರುತ್ತದೆ. ಅದಕ್ಕೇ ಸಣ್ಣ ಹಳ್ಳವನ್ನೂ ಮಳೆಯಾದ ಮೇಲೆ ನಂಬಬಾರದು.

ಮರುದಿನ ಎಕ್ಸ್-ರೇ ಮಾಡಿಸಿದೆವು. ಮೂಳೆ ಸರಿ ಇತ್ತು. ಮೂರು ವಾರ ಪಟ್ಟಿ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಮುಗಿದ ಮೇಲೆ, ಅದೇ ಐದು ಜನ ಮತ್ತೆ ಹೊರಟೆವು. ಆ ನಸುಕಿನಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿ. ಕೆರೆಯ ಮೇಲೆ ದಟ್ಟ ಮಂಜು. ಅದನ್ನು ನೋಡಿ ನನ್ನ ಮನಸ್ಸಿಗೆ ಸಮಾಧಾನವಾಯಿತು. ಎಲ್ಲರ ಬ್ಯಾಗಿನಲ್ಲೂ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಣ ಬನಿಯನ್, ಒಂದು ಉಣ್ಣೆಯ ಸ್ವೆಟರ್. ಹನ್ನೆರಡೂವರೆಗೆ ಎಲ್ಲಿದ್ದರೂ ನಿಂತು ಮಾತಾಡುವುದು ಎಂದು ಕೆರೆಯ ದಂಡೆಯಲ್ಲೇ ತೀರ್ಮಾನ ಮಾಡಿದ್ದೆವು. ಮನೆಯಲ್ಲಿ ಅಕ್ಕನಿಗೆ ದಾರಿ ಬರೆದು ಕೊಟ್ಟಿದ್ದೆ, ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಇಂಥವರಿಗೆ ಹೇಳು ಎಂದು. ಕಲ್ಲು ಒಣಗಿತ್ತು. ಹುಡುಗ ಈ ಸಲ ನಡುವೆ ನಡೆದ, ವೈನಿ ಮುಂದೆ. ಅವರ ನಡಿಗೆಯೇ ಎಲ್ಲರ ನಡಿಗೆ.

ಹನ್ನೆರಡಕ್ಕೆ ಮಹಾಕೂಟದ ಗಿಡಗಳ ನೆರಳಿಗೆ ಇಳಿದೆವು. ಹುಡುಗ ಮೊದಲು ಕಂಬ ಇದ್ದ ಊರಿನ ಅಂಗಳವನ್ನು ಒಂದು ಸುತ್ತು ಹಾಕಿದ, ಏನೂ ಮಾತಾಡಲಿಲ್ಲ. ಆಮೇಲೆ ವಿಷ್ಣು ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಎಡಗಾಲನ್ನು ನೀರಿಗೆ ಬಿಟ್ಟ.

"ಬೆಚ್ಚಗದಾವ ಮಾಮಾ ನೀರು" ಎಂದ. ನಾನೂ ಪಕ್ಕದಲ್ಲಿ ಕೂತು ಕಾಲು ಬಿಟ್ಟೆ.